ಸೋಡಾ ಮಾರುವ ಹುಡುಗನೂ ನಮ್ಮ ಹಾಜರಿ ಪುಸ್ತಕವೂ

ನಮ್ಮಂಥ ಸಂಘದ ಪತ್ರಿಕೆಗೆ ಪ್ರಾಥಮಿಕ ಶಾಲೆಯ ಉಪಾಧ್ಯಾಯನೊಬ್ಬ ಲೇಖನ ಬರೆದುಕೊಟ್ಟನೆಂದರೆ ಅದು ಕುಮಾರವ್ಯಾಸನನ್ನೋ ಮುದ್ದಣನನ್ನೋ ಕುರಿತದ್ದಾಗಿರಬೇಕು. ಅಲ್ಲವಾದರೆ ಗಡಿನಾಡಿನಲ್ಲಿ ಕನ್ನಡಕ್ಕೆ ಒದಗಿದ ಕಷ್ಟಗಳನ್ನು ಕುರಿತದ್ದಾಗಿರಬೇಕು. ಇದು ರೂಢಿ. ನಾನೂ ಹಿಂದೆ ಎರಡು ಬಾರಿ ಈ ರೂಢಿಯಂತೆಯೇ ನಡೆದುಕೊಂಡಿದ್ದೇನೆ. ಈ ಸಲ ಮಾತ್ರ ನಾನು ಬರೆಯಹೊರಟಿರುವುದು ಕಾಲ್ಚೆಂಡಾಟದ ಒಬ್ಬ ಆಟಗಾರನನ್ನು ಕುರಿತು. ಆತನು ಕನ್ನಡಿಗನಲ್ಲ. ನಾನಾದರೋ ಆ ಆಟವನ್ನು ಆಡಿದವನಲ್ಲ. ಚೆಂಡು ಎದುರಿಗೆ ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಟ್ಟುಕೊಡುವವನು. ಹೀಗಿದ್ದೂ ಏಕೆ ಬರೆಯುತ್ತಿದ್ದೇನೆಂದರೆ, ಆ ಆಟಗಾರನ ಕಥೆಯನ್ನು ನನ್ನ ತರಗತಿಯಲ್ಲಿ ಹೇಳುವಾಗ ನನ್ನದೇ ಒಂದು ತಪ್ಪು ನನಗೆ ಗೋಚರವಾಯಿತು. ಅಧ್ಯಾಪಕ ಮಿತ್ರರ ಮುಂದೆ ಅದನ್ನು ಒಪ್ಪಿಕೊಂಡರೆ ಮನಸ್ಸು ಹಗುರವಾದೀತೆಂಬ ಆಸೆ.

ಕಾಸರಗೋಡಿನ ಕಡೆಯ ನಮ್ಮ ಮಕ್ಕಳ ಸ್ಥಿತಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿಯೂ ಆಟದ ಬಯಲಿನಲ್ಲಿಯೂ ಮಲಯಾಳ. ಒಂದೇ ದಿನದೊಳಗೆ ಒಂದೇ ಬಾಯಿ ಮೂರು ಊರುಗಳನ್ನು ಸುತ್ತಿ ಬರುತ್ತದೆ. ನನ್ನ ಐದನೆಯ ತರಗತಿಯಲ್ಲಿ ಅಂಥ ಒಬ್ಬ ಬಾಲಕನಿದ್ದನು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಂದೆ ಇಲ್ಲ, ತಾಯಿ ಬೀಡಿ ಕಟ್ಟಿ ಮನೆ ನಡೆಸುವವಳು. ಲೆಕ್ಕದಲ್ಲಿ ಮಧ್ಯಮ, ಕನ್ನಡ ಕಾಪಿಯಲ್ಲಿ ಒತ್ತಕ್ಷರಗಳೆಲ್ಲ ನಾಪತ್ತೆ, ಹಾಜರಿಯಲ್ಲಿ ಮಧ್ಯಾಹ್ನದ ಮೇಲೆ ಆಗಾಗ ಗೈರು. ಅವನು ಎಲ್ಲಿ ಹೋಗುತ್ತಾನೆಂಬುದು ಸಹಪಾಠಿಗಳಿಗೆಲ್ಲ ಗೊತ್ತಿತ್ತು. ನನಗೆ ಗೊತ್ತಾದದ್ದು ಕೊನೆಗೆ.

ಕೊಯಿಲು ಮುಗಿದ ಗದ್ದೆಗಳಲ್ಲಿ ಆ ತಿಂಗಳುಗಳಲ್ಲಿ ಸೆವೆನ್ಸ್ ಪಂದ್ಯಗಳು ನಡೆಯುತ್ತವೆ. ಮಲಬಾರಿನುದ್ದಕ್ಕೂ ಹಬ್ಬಿರುವ ಆಟ ಇದು. ಕಡೆಗೆ ಹನ್ನೊಂದು ಜನರಿಲ್ಲ, ಏಳೇ ಜನ. ಬಯಲು ಚಿಕ್ಕದು, ಓಟ ಹೆಚ್ಚು, ಗದ್ದಲವಂತೂ ಹೇಳತೀರದು. ಬಿದಿರು, ಅಡಿಕೆ ಮರಗಳನ್ನು ಕಟ್ಟಿ ಗ್ಯಾಲರಿ ನಿಲ್ಲಿಸಿ, ಸುತ್ತ ಮರೆ ಕಟ್ಟಿ, ಟಿಕೇಟು ಹರಿದು, ರಾತ್ರಿಯಾದರೆ ದೊಡ್ಡ ದೀಪಗಳನ್ನು ಉರಿಸಿ ಆಡಿಸುತ್ತಾರೆ. ಆಫ್ರಿಕದ ದೇಶಗಳಿಂದ ಬಂದ ಆಟಗಾರರು ಸಹ ನಮ್ಮ ಗದ್ದೆಯ ಮಣ್ಣಿನಲ್ಲಿ ಆಡಿ ಸಂಭಾವನೆ ಪಡೆದು ಹೋಗುತ್ತಾರೆ. 2024ರ ಫೆಬ್ರವರಿಯಲ್ಲಿ ಮಿತ್ರರೊಬ್ಬರ ಒತ್ತಾಯಕ್ಕೆ ನಾನೂ ಒಂದು ಸಂಜೆ ಹೋದೆ. ಆಟ ಅರ್ಥವಾಗದಿದ್ದುದರಿಂದ ನೆಲಗಡಲೆ ಕೊಂಡೆ. ತಿಂದು ಮುಗಿಸಿ ಪೊಟ್ಟಣ ಬಿಡಿಸಿ ನೋಡಿದರೆ, ಆ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ನನ್ನದೇ ಅಕ್ಷರ: ‘ಒತ್ತಕ್ಷರ ಬಿಟ್ಟಿದ್ದೀ. ಐದು ಸಲ ಬರೆ.’

ತಲೆಯೆತ್ತಿ ನೋಡಿದೆ. ಗ್ಯಾಲರಿಯ ಬುಡದಲ್ಲಿ ನನ್ನ ಶಿಷ್ಯೋತ್ತಮನು ಗೆರಸೆ ತುಂಬ ಪೊಟ್ಟಣಗಳನ್ನಿಟ್ಟುಕೊಂಡು, ಗಿರಾಕಿಗಳನ್ನು ಮರೆತು, ಬಾಯಿ ತೆರೆದು ಆಟ ನೋಡುತ್ತಿದ್ದನು. ವಿರಾಮದ ವೇಳೆ ಚೆಂಡು ಹೊರಗುರುಳಿ ಬಂದಾಗ ಅವನು ಗೆರಸೆಯನ್ನು ಕೆಳಗಿರಿಸಿ, ಬರಿಗಾಲಿನಲ್ಲಿ ಅದನ್ನು ಮೇಲೆತ್ತಿ, ಮೊಣಕಾಲಿನಿಂದ ಮೊಣಕಾಲಿಗೆ ದಾಟಿಸಿ, ನೆಲಕ್ಕೆ ಬೀಳಗೊಡದೆ ಹಿಂದಿರುಗಿಸಿದನು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಮರುದಿನ ಪೊಟ್ಟಣದ ಕಾಗದವನ್ನು ತರಗತಿಯಲ್ಲಿ ಎತ್ತಿ ಹಿಡಿದು, ಸರಸ್ವತಿಯನ್ನು ಕಡಲೆಗೆ ಮಾರಿದವನೆಂದು ಅವನನ್ನು ಎಲ್ಲರ ಮುಂದೆ ಹಂಗಿಸಿದೆ. ಮಕ್ಕಳು ನಕ್ಕರು. ಅವನು ನಗಲೂ ಇಲ್ಲ, ಅಳಲೂ ಇಲ್ಲ. ‘ಆ ಪುಸ್ತಕ ಮುಗಿದಿತ್ತು ಸರ್’ ಎಂದಷ್ಟೇ ಹೇಳಿದನು. ಪುಸ್ತಕ ಮುಗಿದಿದ್ದುದು ನಿಜವೇ ಆಗಿತ್ತು.

ಬೇಸಿಗೆಯ ರಜೆಯಲ್ಲಿ ಯಾರೋ ಪುಣ್ಯಾತ್ಮರು ಅವನನ್ನು ಆಯ್ಕೆಯ ಶಿಬಿರವೊಂದಕ್ಕೆ ಕರೆದೊಯ್ದರು. ತೆಂಕಲಿನ ಒಂದು ಕ್ರೀಡಾ ವಸತಿಶಾಲೆಯಲ್ಲಿ ಆರನೆಯ ತರಗತಿಗೆ ಅವನಿಗೆ ಸ್ಥಾನ ದೊರೆಯುವುದೆಂದಾಯಿತು. ಊಟ, ವಸತಿ, ಬಟ್ಟೆ, ತರಬೇತಿ ಎಲ್ಲವೂ ಅಲ್ಲಿಯೇ. ಇಲ್ಲದಿರುವುದು ಒಂದೇ, ಕನ್ನಡ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೂರನೆಯ ದಿನ ತಾಯಿ ವರ್ಗಾವಣೆ ಪತ್ರಕ್ಕಾಗಿ ಬಂದಳು. ‘ಮಾಷ್ಟ್ರೇ, ಟಿ.ಸಿ. ಒಂದು ಬೇಕಿತ್ತು’ ಎಂದಳು.

ಇಲ್ಲಿ ಹೊರನಾಡಿನ ಓದುಗರಿಗಾಗಿ ಒಂದು ಮಾತು ಹೇಳಬೇಕು. ಕೇರಳದ ಶಾಲೆಗಳಲ್ಲಿ ವರ್ಷಾರಂಭದ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ಎಣಿಕೆಯ ಮೇಲೆ ಡಿವಿಷನ್‌ಗಳು ನಿಲ್ಲುತ್ತವೆ ಅಥವಾ ಬೀಳುತ್ತವೆ. ಡಿವಿಷನ್ ಬಿದ್ದರೆ ಉಪಾಧ್ಯಾಯನ ಹುದ್ದೆಯೂ ಬೀಳುತ್ತದೆ. ಕನ್ನಡ ಮಾಧ್ಯಮದಲ್ಲಿ ನಾವು ಆ ಆರು ದಿನಗಳನ್ನು ಕಳೆಯುವ ಬಗೆ ಅನುಭವಿಸಿದವರಿಗೇ ಗೊತ್ತು. ಹೆಡ್ಮಾಸ್ತರರು ರಿಜಿಸ್ಟರ್ ನೋಡಿದರು. ಬಳಿಕ ನನ್ನ ಮುಖ ನೋಡಿದರು. ಆ ವರ್ಷ ನಮ್ಮ ಸಂಖ್ಯೆ ಅಂಚಿನಲ್ಲಿತ್ತು. ಒಂದು ತಲೆ ಕಡಿಮೆಯಾದರೆ ಉರುಳುವುದು ನನ್ನ ಹುದ್ದೆ. ಅವರು ಏನನ್ನೂ ಹೇಳಲಿಲ್ಲ. ಹೇಳಿದವನು ನಾನೇ. ‘ಅಕ್ಕಾ, ಅವಸರ ಏನು? ಬರುವ ವಾರ ಬನ್ನಿ, ಎಲ್ಲ ಕಾಗದವನ್ನೂ ಸರಿಮಾಡಿ ಇಟ್ಟಿರುತ್ತೇನೆ.’ ಆ ತಾಯಿ ನಂಬಿದಳು. ಉಪಾಧ್ಯಾಯನ ಮಾತು ಅಲ್ಲವೇ! ‘ಆಗಲಿ ಮಾಷ್ಟ್ರೇ’ ಎಂದು ಕೈಮುಗಿದು ಹೋದಳು.

ಬರುವ ವಾರ ಎಣಿಕೆ ಮುಗಿಯಿತು; ನನ್ನ ಹುದ್ದೆ ಉಳಿಯಿತು. ತಾಯಿ ಬಂದು ಪತ್ರ ಪಡೆದು, ಮಗನನ್ನು ಕರೆದುಕೊಂಡು ರೈಲು ಹತ್ತಿ ಹೋದಳು. ಮೂರನೆಯ ದಿನ ಇಬ್ಬರೂ ಹಿಂತಿರುಗಿದರು. ಹೇಳಿದ ದಿನಕ್ಕೆ ಬಾರದುದರಿಂದ ಆ ಸ್ಥಾನವನ್ನು ಬೇರೊಬ್ಬನಿಗೆ ಕೊಟ್ಟಿದ್ದರು. ಮುಂದಿನ ವರ್ಷ ನೋಡೋಣ ಎಂದು ಸಮಾಧಾನ ಹೇಳಿ ಕಳಿಸಿದ್ದರಂತೆ. ತಾಯಿ ನನ್ನನ್ನು ಒಂದು ಮಾತೂ ಆಡಲಿಲ್ಲ. ‘ಅವನ ಹಣೆಯಲ್ಲಿ ಇಲ್ಲ’ ಎಂದಳು. ಹಣೆಯಲ್ಲಿ ಬರೆಯದವನು ಬ್ರಹ್ಮನಲ್ಲ, ಈ ಬಡಪಾಯಿ ಮಾಷ್ಟ್ರು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಅವನ ಹೆಸರನ್ನು ಪುನಃ ಹಾಜರಿ ಪುಸ್ತಕದಲ್ಲಿ ಬರೆದೆ. ಆ ವರ್ಷ ಅವನು ಒಂದು ದಿನವೂ ತಪ್ಪಿಸಿಕೊಳ್ಳಲಿಲ್ಲ, ಮಾತೂ ಆಡಲಿಲ್ಲ.

ಆ ವರ್ಷ ಕಳೆಯುತ್ತಿರುವಂತೆ 2025ರ ಜನವರಿ ತಿಂಗಳು ಬಂದಿತು. ಗಣರಾಜ್ಯೋತ್ಸವದ ಹೊತ್ತಿಗೆ ಪ್ರಕಟವಾದ ಪ್ರಶಸ್ತಿಗಳ ಪಟ್ಟಿಯಲ್ಲಿ ಐ. ಎಂ. ವಿಜಯನ್ ಎಂಬವರಿಗೆ ಪದ್ಮಶ್ರೀ ದೊರೆತ ಸುದ್ದಿ ಇತ್ತು. ಶನಿವಾರದ ಬಾಲಸಭೆಯಲ್ಲಿ ಅವರನ್ನು ಕುರಿತು ನಾಲ್ಕು ಮಾತು ಹೇಳುವಂತೆ ಹೆಡ್ಮಾಸ್ತರರು ನನಗೆ ಆಜ್ಞಾಪಿಸಿದರು. ನಾನು ಹೆಸರು ಕೇಳಿದ್ದೆ, ಅಷ್ಟೇ. ತರಬೇತಿಯ ಎರಡು ವರ್ಷಗಳಲ್ಲಿ ನನ್ನ ಕೋಣೆಯಲ್ಲಿದ್ದ ತೃಕ್ಕರಿಪುರದ ಸಹಪಾಠಿ ಆ ಹೆಸರನ್ನು ದೇವರ ನಾಮದಂತೆ ಉಚ್ಚರಿಸುತ್ತಿದ್ದನು. ತೃಕ್ಕರಿಪುರವೆಂದರೆ ನಮ್ಮ ಜಿಲ್ಲೆಯ ಕಾಲ್ಚೆಂಡಿನ ತವರು. ಆಗ ಕಿವಿಗೆ ಹಾಕಿಕೊಳ್ಳದ್ದನ್ನು ಈಗ ಅವನಿಗೆ ಫೋನು ಮಾಡಿ, ಹಳೆಯ ಪತ್ರಿಕೆಗಳನ್ನು ಓದಿ, ಸಂಗ್ರಹಿಸಬೇಕಾಯಿತು. ಸಂಗ್ರಹಿಸುತ್ತ ಹೋದಂತೆ ನನ್ನ ಕೈ ನಿಧಾನವಾಯಿತು.

ವಿಜಯನ್ ಹುಟ್ಟಿದ್ದು 1969ರ ಏಪ್ರಿಲ್ 25ರಂದು, ತೃಶ್ಶೂರಿನ ಬಡ ಕುಟುಂಬವೊಂದರಲ್ಲಿ. ತಂದೆಯನ್ನು ಚಿಕ್ಕಂದಿನಲ್ಲಿಯೇ ಕಳೆದುಕೊಂಡ ಮನೆ. ತಾಯಿಯ ದುಡಿಮೆಯೇ ಆಧಾರ. ತೃಶ್ಶೂರಿನ ಮುನಿಸಿಪಲ್ ಕ್ರೀಡಾಂಗಣದಲ್ಲಿ ಪಂದ್ಯಗಳು ನಡೆದಾಗ ಈ ಬಾಲಕನು ಗ್ಯಾಲರಿಯ ನಡುವೆ ಸೋಡಾ ಬಾಟಲಿಗಳನ್ನು ಹಿಡಿದು ತಿರುಗುತ್ತಿದ್ದನು. ಒಂದು ಬಾಟಲಿಗೆ ಅವನಿಗೆ ದಕ್ಕುತ್ತಿದ್ದುದು ಹತ್ತು ಪೈಸೆ. ಈ ಭಾಗವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆಯುವಾಗ ನನ್ನ ಕಣ್ಣ ಮುಂದೆ ಬಂದುದು ತೃಶ್ಶೂರಲ್ಲ. ನಮ್ಮ ಗದ್ದೆ, ಗೆರಸೆ, ಕೆಂಪು ಶಾಯಿಯ ಪೊಟ್ಟಣ.

ಆ ಬಾಲಕನ ಆಟವನ್ನು ಕಂಡವರಲ್ಲಿ ಚಪ್ಪಾಳೆ ತಟ್ಟಿ ಸುಮ್ಮನಾಗದವರೂ ಇದ್ದರು. ಆಗ ಕೇರಳದ ಪೊಲೀಸ್ ಮಹಾನಿರ್ದೇಶಕರಾಗಿದ್ದ ಎಂ. ಕೆ. ಜೋಸೆಫ್ ಅವರು ಪೊಲೀಸ್ ಇಲಾಖೆಯ ತಂಡವೊಂದನ್ನು ಕಟ್ಟುತ್ತಿದ್ದರು. ಹದಿನೇಳು ವರ್ಷ ವಯಸ್ಸಿನ ವಿಜಯನ್ ಆ ತಂಡವನ್ನು ಸೇರಿದನು. 1987ರಲ್ಲಿ ಕೊಲ್ಲಂನಲ್ಲಿ ನಡೆದ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಅವನ ಆಟ ನೋಡಿದವರ ಕಣ್ಣಿಗೆ ಬಿದ್ದಿತು. ವಿ. ಪಿ. ಸತ್ಯನ್, ಸಿ. ವಿ. ಪಾಪ್ಪಚ್ಚನ್, ಯು. ಶರಫ್ ಅಲಿ ಮೊದಲಾದವರೂ ಅದೇ ತಂಡದಲ್ಲಿದ್ದರು. 1990ರಲ್ಲಿ ತೃಶ್ಶೂರಿನಲ್ಲಿಯೇ ನಡೆದ ಫೆಡರೇಶನ್ ಕಪ್ ಪಂದ್ಯಾವಳಿಯನ್ನು ಕೇರಳ ಪೊಲೀಸ್ ತಂಡ ಗೆದ್ದಿತು. ಆ ಕಪ್ಪನ್ನು ಕೇರಳದ ತಂಡವೊಂದು ಗೆದ್ದದ್ದು ಅದೇ ಮೊದಲು. ಮರುವರ್ಷವೂ ಅವರೇ ಗೆದ್ದರು. ಸೋಡಾ ಹಿಡಿದು ಗ್ಯಾಲರಿಯಲ್ಲಿ ನಿಲ್ಲುತ್ತಿದ್ದವನನ್ನು ನೋಡಲು ಅದೇ ಊರಿನ ಜನ ಟಿಕೇಟು ಕೊಂಡು ಕೂಡುವ ಕಾಲ ಬಂದಿತು.

ಮುನ್ಪಡೆಯ ಆಟಗಾರನ ಕೆಲಸವೇನು ಎಂಬುದನ್ನು ಈ ಸಿದ್ಧತೆಯ ದಿನಗಳಲ್ಲಿಯೇ ನಾನು ಅರಿತುಕೊಂಡದ್ದು. ತೊಂಬತ್ತು ನಿಮಿಷಗಳ ಆಟದಲ್ಲಿ ಚೆಂಡು ಅವನ ಕಾಲಿಗೆ ದೊರೆಯುವುದು ಸ್ವಲ್ಪವೇ ಹೊತ್ತು. ಉಳಿದ ವೇಳೆಯೆಲ್ಲ ಅವನು ಎದುರು ಪಕ್ಷದ ರಕ್ಷಕರ ನಡುವೆ ಓಡುತ್ತ, ನಿಲ್ಲುತ್ತ, ಎಲ್ಲಿ ತೆರಪು ಬಿದ್ದೀತೆಂದು ಕಾಯುತ್ತಿರಬೇಕು. ಕೊನೆಯ ರಕ್ಷಕನಿಗಿಂತ ಮುಂದೆ ಹೋಗಿ ಮೊದಲೇ ನಿಂತುಬಿಟ್ಟರೆ ಆಫ್‌ಸೈಡ್. ಹಿಂದುಳಿದರೆ ಚೆಂಡು ಸಿಕ್ಕದು. ಸಹ ಆಟಗಾರನ ಕಾಲಿನಿಂದ ಚೆಂಡು ಹೊರಟ ಕ್ಷಣಕ್ಕೂ ತಾನು ಹೊರಡುವ ಕ್ಷಣಕ್ಕೂ ಹೊಂದಿಕೆಯಾಗಬೇಕು. ಒಂದು ಕ್ಷಣ ತಡವಾದರೆ ಬಾಗಿಲು ಮುಚ್ಚಿತು. ವಿಜಯನ್ನನಿಗೆ ಈ ಕ್ಷಣಜ್ಞಾನವಿತ್ತು. ಜತೆಗೆ ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಇಬ್ಬರು ಮೂವರನ್ನು ದಾಟಿ ಹೋಗುವ ನುಣುಪಿತ್ತು. ಕಲ್ಕತ್ತೆಯ ಜನ ಅವನನ್ನು ಕಪ್ಪು ಜಿಂಕೆ ಎಂದು ಕರೆದರು. ನಮ್ಮ ಮಾತಿನಲ್ಲಿ ಕೃಷ್ಣಮೃಗ. ಬಯಲಿನಲ್ಲಿ ಕೃಷ್ಣಮೃಗ ನೆಗೆಯುವುದನ್ನು ಕಂಡ ಯಾರಿಗಾದರೂ ಈ ಹೆಸರಿನ ಔಚಿತ್ಯ ಹೊಳೆಯದಿರದು.

1991ರಲ್ಲಿ ವಿಜಯನ್ ಕಲ್ಕತ್ತೆಯ ಮೋಹನ್ ಬಗಾನ್ ತಂಡವನ್ನು ಸೇರಿದನು. ಅಲ್ಲಿಂದ ಮುಂದೆ ಅವನ ಬಾಳು ಊರಿಂದೂರಿಗೆ ಸಾಗಿತು. ಪಂಜಾಬಿನ ಫಗ್ವಾಡಾದಲ್ಲಿ ಜೆ.ಸಿ.ಟಿ. ಗಿರಣಿಯ ತಂಡ, 1997ರಲ್ಲಿ ಹೊಸದಾಗಿ ಹುಟ್ಟಿದ ಎಫ್.ಸಿ. ಕೊಚ್ಚಿನ್, ಮತ್ತೆ ಮೋಹನ್ ಬಗಾನ್, ಅನಂತರ ಈಸ್ಟ್ ಬೆಂಗಾಲ್, ಗೋವದ ಚರ್ಚಿಲ್ ಬ್ರದರ್ಸ್. 1996–97ರಲ್ಲಿ ಭಾರತದ ರಾಷ್ಟ್ರೀಯ ಲೀಗ್ ಪಂದ್ಯಗಳು ಮೊತ್ತಮೊದಲು ನಡೆದಾಗ ಗೆದ್ದದ್ದು ಜೆ.ಸಿ.ಟಿ. ತಂಡವೇ. ಆ ತಂಡದ ಮುಂದಾಳುಗಳಲ್ಲಿ ಮೂವರ ಹೆಸರನ್ನು ಜನ ಒಟ್ಟಿಗೆ ಹೇಳುತ್ತಿದ್ದರು: ತೃಶ್ಶೂರಿನ ವಿಜಯನ್, ಸಿಕ್ಕಿಮಿನ ಬೈಚುಂಗ್ ಭೂಟಿಯಾ, ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್. 2020ರಲ್ಲಿ ತೀರಿಕೊಂಡ ಚಾಪ್‌ಮನ್ನರು ಭಾರತ ತಂಡದ ನಾಯಕರೂ ಆಗಿದ್ದವರು. ಕನ್ನಡ ನಾಡಿಗೂ ಈ ಆಟಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಇವರ ಹೆಸರನ್ನು ಹೇಳಬಹುದು; ಇನ್ನೂ ಹಿಂದೆ ಹೋದರೆ 1948ರ ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಆಡಿದ ಬೆಂಗಳೂರಿನ ಅಹಮದ್ ಖಾನರ ಹೆಸರನ್ನೂ ಹೇಳಬಹುದು.

ಮಲಯಾಳದ ಬಾಲಕ ಬಂಗಾಳಕ್ಕೆ ಹೋದ, ಪಂಜಾಬಿಗೆ ಹೋದ. ಅವನು ಹೋದ ಊರುಗಳಲ್ಲಿ ಅವನ ತಾಯಿನುಡಿ ಇರಲಿಲ್ಲ. ತೃಶ್ಶೂರಿನವರು ಅವನನ್ನು ಕಳೆದುಕೊಂಡೆವೆಂದು ಭಾವಿಸಿದರೆ? ಇಲ್ಲ, ದೂರ ಹೋದಷ್ಟೂ ಅವನು ಅವರವನಾದನು. ಈ ವಾಕ್ಯವನ್ನು ಟಿಪ್ಪಣಿಯಲ್ಲಿ ಬರೆದು ನಾನು ಬಹಳ ಹೊತ್ತು ಪೆನ್ನು ಮುಚ್ಚಿಟ್ಟು ಕುಳಿತೆ. ಆರು ದಿನಗಳ ಆ ಜೂನ್ ವಾರದಲ್ಲಿ ನನ್ನನ್ನು ನಾನು ಸಮಾಧಾನಪಡಿಸಿಕೊಂಡದ್ದು ಒಂದೇ ಮಾತಿನಿಂದ: ‘ಅಲ್ಲಿ ಕನ್ನಡವಿಲ್ಲ, ಹುಡುಗ ಕನ್ನಡಕ್ಕೆ ಎರವಾಗುತ್ತಾನೆ.’ ಎಷ್ಟು ಉದಾತ್ತವಾದ ಮಾತು! ನನ್ನ ಸಂಬಳವನ್ನು ಕನ್ನಡದ ಶಾಲಿನಲ್ಲಿ ಸುತ್ತಿ ಇಟ್ಟಿದ್ದೆನೆಂಬುದು ಈಗ ಸ್ಪಷ್ಟವಾಯಿತು.

ಬಾಲಸಭೆಯ ದಿನ ನಾನು ಸೋಡಾ ಬಾಟಲಿಯಿಂದ ಆರಂಭಿಸಿದೆ. ಮಕ್ಕಳು ನಿಶ್ಶಬ್ದರಾದರು. ನಮ್ಮ ಬಾಲಕನು ಕೊನೆಯ ಬೆಂಚಿನಲ್ಲಿದ್ದನು. ಕೊಲ್ಲಂ, ಕಲ್ಕತ್ತೆ, ಫಗ್ವಾಡಾಗಳನ್ನು ದಾಟಿ ನಾನು ಅಂತರರಾಷ್ಟ್ರೀಯ ಪಂದ್ಯಗಳಿಗೆ ಬಂದೆ. ‘1999ರಲ್ಲಿ ಕಠ್ಮಂಡುವಿನಲ್ಲಿ ನಡೆದ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಭೂತಾನದ ವಿರುದ್ಧ ವಿಜಯನ್ ಅವರು ಆಟ ಶುರುವಾದ ಇಪ್ಪತ್ತು ಸೆಕೆಂಡಿನೊಳಗೆ ಗೋಲು ಹೊಡೆದರು’ ಎಂದೆ. ಕೊನೆಯ ಬೆಂಚಿನಿಂದ ಒಂದು ಸ್ವರ ಬಂದಿತು: ‘ಹನ್ನೆರಡು, ಸರ್.’ ಎಂಟು ತಿಂಗಳುಗಳಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು ಅದು. ಟಿಪ್ಪಣಿ ನೋಡಿಕೊಂಡೆ. ಹನ್ನೆರಡೇ. ‘ಬಾ, ಉಳಿದದ್ದನ್ನು ನೀನೇ ಹೇಳು’ ಎಂದು ಮುಂದೆ ಕರೆದೆ.

ಅವನು ಬಂದನು. ಮೊದಲು ತಡವರಿಸಿದನು, ಅನಂತರ ನಿಲ್ಲಲಿಲ್ಲ. ಭಾರತದ ವರ್ಷದ ಆಟಗಾರನೆಂಬ ಗೌರವ ವಿಜಯನ್‌ಗೆ ಮೂರು ಸಲ ಬಂದದ್ದನ್ನು ಹೇಳಿದನು. 2003ರಲ್ಲಿ ಹೈದರಾಬಾದಿನಲ್ಲಿ ನಡೆದ ಆಫ್ರೋ-ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ಕು ಗೋಲು ಹೊಡೆದು ಎಲ್ಲರಿಗಿಂತ ಮುಂದೆ ನಿಂತದ್ದು, ಅಂತಿಮ ಪಂದ್ಯದಲ್ಲಿ ಉಜ್ಬೆಕಿಸ್ತಾನದ ಎದುರು ಭಾರತ ಒಂದೇ ಗೋಲಿನಿಂದ ಸೋತದ್ದು, ಅದೇ ವರ್ಷ ಅರ್ಜುನ ಪ್ರಶಸ್ತಿ ಬಂದದ್ದು, ಅನಂತರ ಭಾರತದ ಅಂಗಿಯನ್ನು ಕಳಚಿ ಇಟ್ಟದ್ದು, ಎಲ್ಲವನ್ನೂ ಹೇಳಿದನು. ನಡುನಡುವೆ ತುಳುವೂ ಮಲಯಾಳವೂ ನುಸುಳಿದವು. ನಾನು ತಿದ್ದಲಿಲ್ಲ. ಆ 2003ರಲ್ಲಿ ನಾನೂ ಹೈಸ್ಕೂಲಿನ ವಿದ್ಯಾರ್ಥಿ. ನೆರೆಯ ಚಹಾದಂಗಡಿಯಲ್ಲಿ ಊರಿನವರೆಲ್ಲ ಆ ಪಂದ್ಯವನ್ನು ನೋಡುತ್ತಿದ್ದಾಗ ನಾನು ‘ಕಾಲದ ಮಹತ್ವ’ ಎಂಬ ವಿಷಯದ ಮೇಲೆ ಸ್ಪರ್ಧೆಗಾಗಿ ಪ್ರಬಂಧ ಬರೆಯುತ್ತಿದ್ದೆ. ಬಹುಮಾನವೂ ಬಂದಿತ್ತು.

ವಿಜಯನ್ನರ ಬಾಳಿನಲ್ಲಿ ಎಲ್ಲವೂ ಜಯವೇ ಆಗಿರಲಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಿದೆ. 1951ರಲ್ಲಿಯೂ 1962ರಲ್ಲಿಯೂ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತ, ಇವರು ಆಡುವ ಕಾಲಕ್ಕೆ ಬಹಳ ಹಿಂದೆ ಬಿದ್ದಿತ್ತು. ದೊಡ್ಡ ಆಟಗಾರನಿಗೆ ಆಡಲು ದೊಡ್ಡ ಅಂಗಣ ದೊರೆಯಲಿಲ್ಲ. ವಿಶ್ವಕಪ್ಪಿನಲ್ಲಿ ಆಡುವ ಭಾಗ್ಯ ಬರಲಿಲ್ಲ. ಅವರ ಜತೆಗಾರರೂ ಭಾರತ ತಂಡದ ನಾಯಕರೂ ಆಗಿದ್ದ ಸತ್ಯನ್ 2006ರಲ್ಲಿ ಅಕಾಲದಲ್ಲಿ ತೀರಿಹೋದರು. ಆಟ ಮುಗಿದ ಮೇಲೆ ಆಟಗಾರ ಏನಾಗಬೇಕು ಎಂಬ ಪ್ರಶ್ನೆ ನಮ್ಮ ದೇಶದಲ್ಲಿ ಚಿಕ್ಕದಲ್ಲ. ವಿಜಯನ್ ಸಿನಿಮಾದಲ್ಲಿ ಪಾತ್ರ ಮಾಡಿದರು. ಜಯರಾಜ್ ನಿರ್ದೇಶಿಸಿದ ‘ಶಾಂತಂ’ ಎಂಬ ಮಲಯಾಳ ಚಿತ್ರದಲ್ಲಿ ಮುಖ್ಯಪಾತ್ರದಲ್ಲಿ ಕಾಣಿಸಿಕೊಂಡರು, ಅದಕ್ಕೆ ಉತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ದೊರೆಯಿತು. 2006ರ ಹೊತ್ತಿಗೆ ಕ್ಲಬ್ಬುಗಳ ಆಟವನ್ನೂ ಮುಗಿಸಿ, ಮುಂದೆ ಕೇರಳ ಪೊಲೀಸಿಗೇ ಮರಳಿದರು. 2025ರ ಏಪ್ರಿಲ್ ಕೊನೆಯಲ್ಲಿ ಮಲಬಾರ್ ಸ್ಪೆಷಲ್ ಪೊಲೀಸ್ ಪಡೆಯ ಡೆಪ್ಯುಟಿ ಕಮಾಂಡೆಂಟ್ ಹುದ್ದೆಯಿಂದ ನಿವೃತ್ತರಾದರು. ಹದಿನೇಳನೆಯ ವಯಸ್ಸಿನಲ್ಲಿ ತೆರೆದ ಬಾಗಿಲಿನಿಂದಲೇ ಗೌರವದಿಂದ ಹೊರಬಂದರು.

ಬಾಲಸಭೆ ಮುಗಿದ ಸಂಜೆ ನಾನು ಆ ಬಾಲಕನ ಮನೆಗೆ ಹೋದೆ. ತಾಯಿ ಜಗಲಿಯಲ್ಲಿ ಕುಳಿತು ಬೀಡಿಯ ಎಲೆ ಕತ್ತರಿಸುತ್ತಿದ್ದಳು. ಎದ್ದು ನಿಂತು, ‘ಏನು ಮಾಷ್ಟ್ರೇ, ಅವನು ಏನಾದರೂ ಮಾಡಿದನೇ?’ ಎಂದು ಗಾಬರಿಗೊಂಡಳು. ‘ಅವನು ಮಾಡಿಲ್ಲ ಅಕ್ಕಾ, ನಾನು ಮಾಡಿದ್ದೇನೆ’ ಎಂದು ಆರು ದಿನಗಳ ಕಥೆಯನ್ನು ಹೇಳಿದೆ. ಎಣಿಕೆ, ಡಿವಿಷನ್, ಹುದ್ದೆ, ಎಲ್ಲವನ್ನೂ ಹೇಳಿದೆ. ಅವಳು ಬಹಳ ಹೊತ್ತು ಎಲೆಯನ್ನೇ ಕತ್ತರಿಸುತ್ತಿದ್ದಳು. ಕೊನೆಗೆ, ‘ನಿಮಗೂ ಮಕ್ಕಳಿದ್ದಾರಲ್ಲ ಮಾಷ್ಟ್ರೇ’ ಎಂದಳು. ಈ ಮಾತು ಕ್ಷಮೆಯೋ ಆಕ್ಷೇಪವೋ ಎಂಬುದನ್ನು ನಾನು ಈ ತನಕವೂ ನಿರ್ಧರಿಸಲಾರದವನಾಗಿದ್ದೇನೆ. ಒಳಗಿನಿಂದ ಬಾಲಕನು ಕಪ್ಪು ಚಹಾ ತಂದುಕೊಟ್ಟನು. ಕುಡಿದು ಎದ್ದು ಬಂದೆ.

ಬೇಸಿಗೆಯಲ್ಲಿ ಮತ್ತೆ ಶಿಬಿರ ನಡೆಯಿತು. ಈ ಸಲವೂ ಅವನು ಆರಿಸಲ್ಪಟ್ಟನು. 2025ರ ಜೂನ್ ತಿಂಗಳಲ್ಲಿ ಶಾಲೆ ತೆರೆದ ದಿನವೇ, ಪ್ರಾರ್ಥನೆಯ ಗಂಟೆಗೆ ಮೊದಲು, ಅವನ ವರ್ಗಾವಣೆ ಪತ್ರ ಸಿದ್ಧವಾಗಿತ್ತು. ಬರೆದವನು ನಾನು, ಸಹಿ ಹಾಕಿದವರು ಹೆಡ್ಮಾಸ್ತರರು. ಅವರು ಸಹಿ ಹಾಕುವ ಮೊದಲು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ‘ಯೋಚನೆ ಮಾಡಿದ್ದೀರಷ್ಟೆ?’ ಎಂದು ಕೇಳಿದರು. ‘ಒಂದು ವರ್ಷ ಮಾಡಿದ್ದೇನೆ’ ಎಂದೆ.

ಆರನೆಯ ಕೆಲಸದ ದಿನ ಎಣಿಕೆಯಾಯಿತು. ಸಂಖ್ಯೆ ಸಾಲದೆ ಡಿವಿಷನ್ ಬಿದ್ದಿತು. ನನ್ನನ್ನು ಗುಡ್ಡದಾಚೆಯ ಬೇರೊಂದು ಕನ್ನಡ ಶಾಲೆಗೆ ವರ್ಗಾಯಿಸಿದರು. ಎರಡು ಬಸ್ಸು ಬದಲಾಯಿಸಿ, ಕೊನೆಗೆ ಅರ್ಧ ಗಂಟೆ ನಡೆದು ಹೋಗಬೇಕು. ಮಳೆಗಾಲದಲ್ಲಿ ಕೊಡೆಯೊಂದೇ ಸಾಲದು. ಇದು ತ್ಯಾಗವೆಂದು ಯಾರೂ ತಿಳಿಯಬಾರದು. ಹಳೆಯ ಸಾಲದ ಬಡ್ಡಿ, ಅಷ್ಟೆ. ಕಷ್ಟವೇ ಆಗಲಿಲ್ಲವೆಂದರೆ ಸುಳ್ಳಾದೀತು. ಮನೆಯಲ್ಲಿ ಮೊದಲ ತಿಂಗಳು ನನ್ನ ವಿವೇಕದ ಬಗ್ಗೆ ದೀರ್ಘ ಚರ್ಚೆಗಳು ನಡೆದವು. ಇನ್ನೊಂದು ಮಾತನ್ನೂ ಮುಚ್ಚಿಡಬಾರದು: ಹಳೆಯ ಶಾಲೆಯ ಉಳಿದ ಕನ್ನಡ ಮಕ್ಕಳಿಗೆ ಒಬ್ಬ ಮಾಷ್ಟ್ರು ಕಡಿಮೆಯಾದರು. ಒಬ್ಬನಿಗೆ ನ್ಯಾಯವಾದರೆ ಹಲವರಿಗೆ ಕೊರತೆ. ಈ ಲೆಕ್ಕವನ್ನು ಸರಿಯಾಗಿ ಬಿಡಿಸುವ ವಿಧಾನವನ್ನು ನನಗೆ ಯಾವ ತರಬೇತಿಯಲ್ಲಿಯೂ ಕಲಿಸಲಿಲ್ಲ. ಆದರೆ ನಮ್ಮ ಶಾಲೆಗಳು ಉಳಿಯಬೇಕಾದುದು ಮಕ್ಕಳು ಹೊರಗೆ ಹೋಗಲಾರದುದರಿಂದ ಅಲ್ಲ, ಒಳಗೆ ಬರಲು ಮನಸ್ಸು ಮಾಡುವುದರಿಂದ ಎಂಬಷ್ಟು ಮಾತ್ರ ಈಗ ನನಗೆ ನಿಶ್ಚಯವಾಗಿದೆ.

ಓಣಂ ರಜೆಯಲ್ಲಿ ಒಂದು ಮಧ್ಯಾಹ್ನ ಬಾಗಿಲ ಬಳಿ ಅವನು ನಿಂತಿದ್ದನು. ಒಂದಿಷ್ಟು ಎತ್ತರವಾಗಿದ್ದನು, ಮೊಣಕಾಲಿನಲ್ಲಿ ಒಣಗಿದ ಗಾಯ, ಕಾಲಲ್ಲಿ ಬೂಟು. ಮುನ್ಪಡೆಯಲ್ಲಿ ಆಡಿಸುತ್ತಾರೋ ಎಂದು ಕೇಳಿದೆ. ‘ಇಲ್ಲ ಸರ್, ಈಗ ಹಿಂದೆ ನಿಲ್ಲಿಸುತ್ತಾರೆ. ಮೊದಲು ತಡೆಯಲು ಕಲಿ, ಆಮೇಲೆ ಹೊಡೆಯುವೆಯಂತೆ ಎಂದು ಕೋಚ್ ಹೇಳಿದ್ದಾರೆ’ ಎಂದನು. ಅವನು ವಿಜಯನ್ ಆಗುವನೆಂದು ನಾನು ಭವಿಷ್ಯ ನುಡಿಯುವುದಿಲ್ಲ. ಅಂಥವರು ಒಂದು ತಲೆಮಾರಿಗೆ ಒಬ್ಬರೋ ಇಬ್ಬರೋ. ಆಟಗಾರನಾಗದೆ ಹೋದರೂ ಆಗಲಿ. ತಾನು ಓಡಬಯಸಿದ ಬಯಲಿನಲ್ಲಿ ಓಡಿ ನೋಡಿದೆನೆಂಬ ತೃಪ್ತಿ ಅವನಿಗಿರಲಿ.

ಹೊರಡುವ ಮೊದಲು ಅವನು ಸಂಕೋಚದಿಂದ, ‘ಸರ್, ಒಂದು ಕಥೆಪುಸ್ತಕ ಇದ್ದರೆ ಕೊಡುತ್ತೀರಾ? ಅಲ್ಲಿ ಕನ್ನಡದ್ದು ಒಂದೂ ಇಲ್ಲ’ ಎಂದನು. ನಾನು ಕಪಾಟಿನಿಂದ ಎರಡು ತೆಗೆದುಕೊಟ್ಟೆ. ಅಂಗಳದವರೆಗೆ ಹೋಗಿ ತಿರುಗಿ ನಿಂತು, ‘ಇದರಲ್ಲಿ ಕಡಲೆ ಕಟ್ಟುವುದಿಲ್ಲ ಸರ್’ ಎಂದು ನಕ್ಕನು. ಅವನು ನಗುವುದನ್ನು ನಾನು ನೋಡಿದ್ದು ಅದೇ ಮೊದಲು.

ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ವಿನಂತಿ. ಬರುವ ಜೂನ್ ತಿಂಗಳಲ್ಲಿಯೂ ನಾವು ತಲೆ ಎಣಿಸುತ್ತೇವೆ, ಎಣಿಸಲೇಬೇಕು. ಎಣಿಸುವಾಗ ಆ ತಲೆಗಳ ಕೆಳಗೆ ಒಂದೊಂದು ಜೊತೆ ಕಾಲುಗಳೂ ಇವೆಯೆಂಬುದನ್ನು ಮರೆಯದಿರೋಣ.